24 ದಿನದ ಮಗುವಿಗೆ ಎರಡನೇ ಸಲ ರಕ್ತ ಹಾಕಬೇಕಂತೆ. ನನ್ನ ರಕ್ತ ಯಾಕೆ ಬೇಡ?

ಪುಟ್ಟಿಯಪ್ಪ · ರಾತ್ರಿ 11:42
ಎಲ್ಲರಿಗೂ ನಮಸ್ಕಾರ. ನಿದ್ದೆ ಹತ್ತುತ್ತಿಲ್ಲ, ಅದಕ್ಕೇ ಇಲ್ಲಿ ಬಂದು ಕೂತೆ.

ನಮ್ಮ ಮಗಳು 28 ವಾರಕ್ಕೇ ಹುಟ್ಟಿಬಿಟ್ಟಳು. ಆಗ ತೂಕ 1,050 ಗ್ರಾಂ. ಈಗ 24 ದಿನ, 1,180 ಗ್ರಾಂ. ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇದ್ದಾಳೆ, ಮೂಗಿಗೆ ಸಿಪ್ಯಾಪ್ ಇದೆ, ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ನೆರವಾಗುವ ಯಂತ್ರ. ನಾಲ್ಕನೇ ದಿನ ಒಮ್ಮೆ ರಕ್ತ ಹಾಕಿದ್ದರು. ಇವತ್ತು ಎಚ್‌ಬಿ (ಹಿಮೋಗ್ಲೋಬಿನ್) 7.8 ಬಂದಿದೆ, ನಾಳೆ ಬೆಳಿಗ್ಗೆ ಇನ್ನೊಮ್ಮೆ ಹಾಕುತ್ತೇವೆ ಅಂದರು.

ನನಗೆ ಅರ್ಥವಾಗದ್ದು ಇಷ್ಟು. ಮಗುವಿಗೆ ಎಲ್ಲೂ ಗಾಯ ಆಗಿಲ್ಲ, ರಕ್ತ ಸೋರಿಲ್ಲ. ಹಾಗಾದರೆ ಹೋದದ್ದು ಎಲ್ಲಿಗೆ? ನನ್ನದೂ ಓ ಪಾಸಿಟಿವ್, ಮಗುವಿನದೂ ಓ ಪಾಸಿಟಿವ್. ಕುಡಿತ ಸಿಗರೇಟು ಯಾವುದೂ ಇಲ್ಲ. "ನಾನೇ ಕೊಡುತ್ತೇನೆ" ಅಂದರೆ ಬೇಡವೇ ಬೇಡ ಅಂದರು. ಹಾಕುವುದು ಬರೀ 18 ಮಿಲಿ ಅಂತೆ, ಅದಕ್ಕೆ ನಾಲ್ಕು ಗಂಟೆ ಬೇಕಂತೆ! ನಮ್ಮಣ್ಣ "ಒಂದೇ ಸಲ ಜಾಸ್ತಿ ಹಾಕಿಸಿ 14ಕ್ಕೆ ತಂದುಬಿಡು, ಪದೇ ಪದೇ ಚುಚ್ಚುವುದು ತಪ್ಪುತ್ತದೆ" ಅನ್ನುತ್ತಾನೆ. ಅವನು ಹೇಳುವುದೂ ಸರಿ ಅನಿಸುತ್ತಿದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಅನುಮಾನರಾಯ · ರಾತ್ರಿ 11:50
ರಕ್ತ ಎಲ್ಲಿಗೆ ಹೋಯಿತು ಅಂತ ಕೇಳುತ್ತೀರಲ್ಲ, ಲ್ಯಾಬಿಗೆ ಹೋಯಿತು. ದಿನಾ ಟೆಸ್ಟ್ ಅಂತ ಅವರೇ ಎಳೆಯುತ್ತಾರೆ, ಆಮೇಲೆ ಕಡಿಮೆ ಆಯಿತು ಅಂತ ಅವರೇ ಹಾಕುತ್ತಾರೆ. ಎರಡಕ್ಕೂ ಬಿಲ್ಲು.

ಅವಳಿಗಳಮ್ಮ · ರಾತ್ರಿ 11:53
ರಾಯರೇ, ಅವರು ಮೊದಲೇ ನಿದ್ದೆಗೆಟ್ಟಿದ್ದಾರೆ. ಈ ಹೊತ್ತಲ್ಲಿ ಇದು ಬೇಕಿತ್ತಾ?

ಪುಟ್ಟಿಯಪ್ಪ ಅವರೇ, ನನ್ನ ಅವಳಿಗಳು 27 ವಾರದವು. ಒಂದಕ್ಕೆ ನಾಲ್ಕು ಸಲ ರಕ್ತ ಹಾಕಿದರು, ಇನ್ನೊಂದಕ್ಕೆ ಒಂದೇ ಸಲ. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ. ನಾಲ್ಕು ಸಲ ಹಾಕಿಸಿಕೊಂಡವಳೇ ಜಾಸ್ತಿ ತರಲೆ.

ರಾತ್ರಿಪಾಳಿ · ಬೆಳಗಿನ ಜಾವ 12:20
ನಾನು ಎನ್‌ಐಸಿಯು ನರ್ಸ್. ಈಗ ಬಿಡುವಿದೆ, ಬರೆಯುತ್ತೇನೆ.

ಅನುಮಾನರಾಯರು ವ್ಯಂಗ್ಯವಾಗಿ ಹೇಳಿದರೂ ಅರ್ಧ ನಿಜವನ್ನೇ ಹೇಳಿದ್ದಾರೆ. ಮೊದಲ ವಾರಗಳಲ್ಲಿ ಇಂಥ ಮಕ್ಕಳು ಕಳೆದುಕೊಳ್ಳುವ ರಕ್ತದಲ್ಲಿ ದೊಡ್ಡ ಪಾಲು ಪರೀಕ್ಷೆಗೆ ತೆಗೆದದ್ದೇ. ಬ್ಲಡ್ ಗ್ಯಾಸ್, ಸಕ್ಕರೆ, ಕಾಮಾಲೆ, ಸೋಂಕು, ಕಲ್ಚರ್, ಒಂದಾದ ಮೇಲೊಂದು. ಪ್ರತಿ ಸಲ ಅರ್ಧ ಮಿಲಿ, ಒಂದು ಮಿಲಿ. ನೋಡಲು ಏನೂ ಅನಿಸುವುದಿಲ್ಲ.

ಆದರೆ ಬಿಲ್ಲಿಗಾಗಿ ಎಳೆಯುತ್ತಾರೆ ಅನ್ನುವುದು ಅನ್ಯಾಯ. ಸಿಪ್ಯಾಪ್‌ನಲ್ಲಿರುವ ಮಗುವಿನ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ.

ಲೆಕ್ಕಾಚಾರ · ಬೆಳಗಿನ ಜಾವ 12:31
ಲೆಕ್ಕ ಹಾಕಿ ನೋಡೋಣ. ದಿನ ತುಂಬದ ಮಗುವಿನ ಮೈಯಲ್ಲಿ ಕಿಲೋಗೆ ಸುಮಾರು 90ರಿಂದ 100 ಮಿಲಿ ರಕ್ತ ಇರುತ್ತದೆ. ಪುಟ್ಟಿ 1.18 ಕಿಲೋ. 90 ಅಂತಲೇ ಹಿಡಿದರೆ ಅವಳ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 106 ಮಿಲಿ. ಅಷ್ಟೇ. ಅರ್ಧ ಲೋಟ.

ಅವಳಿಂದ 1 ಮಿಲಿ ತೆಗೆದರೆ, 5 ಲೀಟರ್ ರಕ್ತ ಇರುವ ನಮ್ಮಂಥವರಿಂದ ಸುಮಾರು 50 ಮಿಲಿ ತೆಗೆದಂತೆ. ದಿನಾ 50 ಮಿಲಿ ಎಳೆದರೆ ನಾವು ಸುಮ್ಮನಿರುತ್ತೇವಾ?

ಮೊದಲ ವಾರಗಳಲ್ಲಿ ಪರೀಕ್ಷೆಗೆ ಅಂತಲೇ ವಾರಕ್ಕೆ ಕಿಲೋಗೆ 11ರಿಂದ 22 ಮಿಲಿ ಹೋಗುತ್ತದೆ ಅಂತ ಅಳೆದವರಿದ್ದಾರೆ. 90ರ ಲೆಕ್ಕದಲ್ಲಿ ಅದು ಒಟ್ಟು ರಕ್ತದ ಸುಮಾರು 12ರಿಂದ 24 ಶೇಕಡ, ಅದೂ ಒಂದು ವಾರಕ್ಕೆ.

ಇನ್ನು "ಬರೀ 18 ಮಿಲಿ" ವಿಷಯ. ಕಿಲೋಗೆ 15 ಮಿಲಿ ಲೆಕ್ಕದಲ್ಲಿ 1.18 ಕಿಲೋಗೆ 17.7 ಆಗುತ್ತದೆ. 18 ಸರಿಯಾಗಿಯೇ ಇದೆ. ದೊಡ್ಡವರ ಲೆಕ್ಕದಲ್ಲಿ ಅದು 850 ಮಿಲಿ ಹತ್ತಿರ, ಎರಡು ಮೂರು ಚೀಲ ಹಾಕಿದಂತೆ!

ಅನುಮಾನರಾಯ · ಬೆಳಗಿನ ಜಾವ 12:34
ಅರ್ಧ ನಿಜ ಅಂದರು, ಲೆಕ್ಕದವರು ಅದನ್ನು ಮುಕ್ಕಾಲು ಮಾಡಿದರು. ಧನ್ಯವಾದ.

ಹಳೇಸ್ಟೆತಸ್ಕೋಪ್ · ಬೆಳಿಗ್ಗೆ 6:05
ಎದ್ದ ಕೂಡಲೇ ಇದನ್ನು ಓದಿದೆ. ನಾನು ನಿವೃತ್ತ ಮಕ್ಕಳ ವೈದ್ಯ. ಪರೀಕ್ಷೆಯೊಂದನ್ನೇ ದೂರಿದರೆ ಕಥೆ ಪೂರ್ತಿ ಆಗುವುದಿಲ್ಲ.

ಹೊಟ್ಟೆಯೊಳಗೆ ಮಗುವಿಗೆ ಆಮ್ಲಜನಕ ಕಡಿಮೆಯೇ ಸಿಗುವುದು. ಅದಕ್ಕೇ ಎರಿಥ್ರೋಪೊಯಿಟಿನ್ ಅನ್ನುವ ಹಾರ್ಮೋನು "ಕೆಂಪು ಕಣ ಮಾಡು, ಮಾಡು" ಅಂತ ಮೂಳೆಮಜ್ಜೆಯನ್ನು ತಿವಿಯುತ್ತಿರುತ್ತದೆ. ಹುಟ್ಟಿ ಉಸಿರಾಡಿದ ಕೂಡಲೇ ಆಮ್ಲಜನಕ ಧಾರಾಳ. ಹಾರ್ಮೋನು ಸುಮ್ಮನಾಗುತ್ತದೆ. ಇದು ಎಲ್ಲ ಮಕ್ಕಳಿಗೂ ಆಗುವಂಥದ್ದು. ದಿನ ತುಂಬಿದ ಮಗುವಿನ ಎಚ್‌ಬಿ ಕೂಡ ಎರಡು ಮೂರು ತಿಂಗಳಿಗೆ ಇಳಿದು, ಮತ್ತೆ ತಾನಾಗಿ ಏರುತ್ತದೆ.

ದಿನ ತುಂಬದ ಮಗುವಿನಲ್ಲಿ ಈ ಇಳಿತ ಬೇಗ ಬರುತ್ತದೆ, ಆಳವಾಗಿಯೂ ಬರುತ್ತದೆ. ಆ ಹಾರ್ಮೋನು ಈ ವಯಸ್ಸಿನಲ್ಲಿ ಹೆಚ್ಚಾಗಿ ಪಿತ್ತಜನಕಾಂಗದಲ್ಲಿ ತಯಾರಾಗುತ್ತದೆ, ಮೂತ್ರಪಿಂಡದಲ್ಲಿ ಅಲ್ಲ. ಆಮ್ಲಜನಕ ಕಮ್ಮಿಯಾದರೂ ಅದು ಬೇಗ ಎಚ್ಚರ ಆಗುವುದಿಲ್ಲ. ಕೆಂಪು ಕಣದ ಆಯಸ್ಸೂ ಕಡಿಮೆ. ದೊಡ್ಡವರಲ್ಲಿ 120 ದಿನ, ಇವರಲ್ಲಿ 35ರಿಂದ 50 ದಿನ. ಕಬ್ಬಿಣಾಂಶ ತಾಯಿಯಿಂದ ಸಾಗುವುದು ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ, ಇವಳು ಅದಕ್ಕೆ ಮುಂಚೆಯೇ ಹೊರಗೆ ಬಂದಳು. ಇದರ ಜೊತೆ ತೂಕ ಏರುತ್ತಿದೆ. ಮೈ ಬೆಳೆದಂತೆ ರಕ್ತದ ಪ್ರಮಾಣ ಜಾಸ್ತಿಯಾಗುತ್ತದೆ, ಕಣಗಳು ಅಷ್ಟೇ ಇರುತ್ತವೆ. ತೆಳುವಾಗುತ್ತದೆ. 1,050ರಿಂದ 1,180ಕ್ಕೆ ಬಂದಳು ಅಂತ ನಾವು ಖುಷಿಪಡುವಾಗ ಎಚ್‌ಬಿ ಇಳಿಯುತ್ತಿರುತ್ತದೆ.

ಪುಟ್ಟಿಯಪ್ಪ · ಬೆಳಿಗ್ಗೆ 6:40
ಡಾಕ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಇನ್ನೊಂದು ಗಂಟೆಯಲ್ಲಿ ಆಸ್ಪತ್ರೆಗೆ ಹೊರಡುತ್ತೇನೆ. ನನ್ನ ರಕ್ತದ ವಿಷಯ?

ಸೋದರತ್ತೆ · ಬೆಳಿಗ್ಗೆ 7:02
ಸ್ವಂತ ಅಪ್ಪನ ರಕ್ತಕ್ಕಿಂತ ಒಳ್ಳೆಯದು ಯಾವುದಿದೆ? ಯಾರದ್ದೋ ಗೊತ್ತಿಲ್ಲದವರದ್ದು ಹಾಕುವುದಕ್ಕಿಂತ ಮನೆಯವರದ್ದೇ ವಾಸಿ. ಪಟ್ಟು ಹಿಡಿಯಿರಿ ನೀವು.

ಕೆಂಪುಚೀಲ · ಬೆಳಿಗ್ಗೆ 7:15
ದಯವಿಟ್ಟು ಪಟ್ಟು ಹಿಡಿಯಬೇಡಿ. ನಾನು ಬ್ಲಡ್ ಬ್ಯಾಂಕಿನಲ್ಲಿ ಟೆಕ್ನಿಷಿಯನ್. ಈ ಮಾತನ್ನು ಕೌಂಟರಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮೇಡಂ, ನಿಮ್ಮ ಮಾತು ಕೇಳಲು ಸರಿ ಅನಿಸುತ್ತದೆ. ತೊಂದರೆ ಇರುವುದು "ಮನೆಯವರದ್ದು" ಅನ್ನುವುದರಲ್ಲೇ. ಕೊಟ್ಟ ರಕ್ತದಲ್ಲಿ ಬಿಳಿ ಕಣಗಳೂ ಇರುತ್ತವೆ. ಹೊರಗಿನವರದ್ದಾದರೆ ಪಡೆದವರ ಮೈ ಸಾಮಾನ್ಯವಾಗಿ ಅವನ್ನು ಗುರುತಿಸಿ ಮುಗಿಸುತ್ತದೆ. ಅಪ್ಪನ ಬಿಳಿ ಕಣಗಳು ಮಗುವಿನದಕ್ಕೆ ಎಷ್ಟು ಹೋಲುತ್ತವೆಂದರೆ ಮಗುವಿನ ಮೈ ಅವನ್ನು ಪರಕೀಯ ಅಂದುಕೊಳ್ಳದೇ ಇರಬಹುದು. ಆದರೆ ಆ ಕಣಗಳು ಮಗುವಿನ ಮೈಯನ್ನು ಪರಕೀಯ ಅಂದುಕೊಳ್ಳುತ್ತವೆ! ಒಳಗೇ ಬೀಡುಬಿಟ್ಟು ಚರ್ಮ, ಕರುಳು, ಪಿತ್ತಜನಕಾಂಗ, ಮೂಳೆಮಜ್ಜೆಯ ಮೇಲೆ ದಾಳಿ ಮಾಡುತ್ತವೆ. ಬಹಳ ಅಪರೂಪ. ಆದರೆ ಬಂದರೆ ಉಳಿಯುವವರು ತೀರಾ ಕಡಿಮೆ. ಅದಕ್ಕೇ ರಕ್ತಸಂಬಂಧಿಗಳದ್ದು ಹಾಕಲೇಬೇಕಾದರೆ ಮೊದಲು ವಿಕಿರಣ ಹಾಯಿಸಿ ಆ ಬಿಳಿ ಕಣಗಳು ಹೆಚ್ಚದಂತೆ ಮಾಡಬೇಕು.

ಎರಡನೆಯದು, ಗುಂಪು ಒಂದೇ ಆದರೆ ಸಾಲದು. ಕೆಂಪು ಕಣದ ಮೇಲೆ ಎಬಿಒ, ಆರ್‌ಎಚ್ ಅಲ್ಲದೆ ಇನ್ನೂ ಎಷ್ಟೋ ಗುರುತುಗಳಿವೆ. ಗರ್ಭದಲ್ಲಿದ್ದಾಗ ಅಪ್ಪನ ಕಡೆಯ ಗುರುತಿನ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯ, ಅಂದರೆ ಪರಕೀಯ ಕಣವನ್ನು ಗುರುತಿಸಿ ಒಡೆಸುವ ಪ್ರೋಟೀನ್, ಹುಟ್ಟಿರಬಹುದು. ಅದು ಮಾಸಿನ ಮೂಲಕ ಮಗುವಿಗೂ ದಾಟಿರುತ್ತದೆ. ಆಗ ಅಪ್ಪನ ರಕ್ತ ಹಾಕಿದರೆ ಅದು ಅಲ್ಲೇ ಒಡೆಯುತ್ತದೆ.

ಮೂರನೆಯದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ಮನೆಯವರು ಒತ್ತಡದಲ್ಲಿ ನಿಜ ಹೇಳುವುದಿಲ್ಲ. "ಹಿಂದೆ ಕಾಮಾಲೆ ಬಂದಿತ್ತಾ" ಅಂತ ಎಲ್ಲರೆದುರು ಕೇಳಿದರೆ ಇಲ್ಲ ಅನ್ನುತ್ತಾರೆ. ತಾನಾಗಿ ಬಂದು, ವರ್ಷಗಟ್ಟಲೆ ಕೊಡುತ್ತಾ ಬಂದಿರುವ ದಾನಿಯ ರಕ್ತವೇ ಹೆಚ್ಚು ನಂಬಿಕೆಯದ್ದು.

ಸೋದರತ್ತೆ · ಬೆಳಿಗ್ಗೆ 7:28
ಇದು ನನಗೆ ಗೊತ್ತಿರಲಿಲ್ಲಪ್ಪ. ನನ್ನ ಮಾತು ವಾಪಸ್. ಹಾಗಾದರೆ ತಾಯಿಯದ್ದು?

ಕೆಂಪುಚೀಲ · ಬೆಳಿಗ್ಗೆ 7:30
ತಾಯಿಯದ್ದಂತೂ ಬೇಡವೇ ಬೇಡ.

ಹಳೇಸ್ಟೆತಸ್ಕೋಪ್ · ಬೆಳಿಗ್ಗೆ 7:44
ಬೇಡವೇ ಬೇಡ ಅನ್ನಬೇಡಿ, ಕೆಂಪುಚೀಲ ಅವರೇ. ತಾಯಿಯ ಪ್ರತಿಕಾಯ ಮಗುವಿನ ಪ್ಲೇಟ್‌ಲೆಟ್‌ಗಳನ್ನೇ ಒಡೆಯುವ ಕಾಯಿಲೆ ಒಂದಿದೆ. ಅಲ್ಲಿ ಹೊಂದುವ ದಾನಿ ಸಿಗದಿದ್ದರೆ ತಾಯಿಯ ಪ್ಲೇಟ್‌ಲೆಟ್‌ಗಳನ್ನೇ ತೊಳೆದು, ವಿಕಿರಣ ಹಾಯಿಸಿ ಕೊಡುತ್ತಾರೆ. ಒಡೆಯುವ ಗುರುತು ಅವಳ ಕಣದ ಮೇಲೆ ಇರುವುದಿಲ್ಲವಲ್ಲ.

ಕೆಂಪುಚೀಲ · ಬೆಳಿಗ್ಗೆ 7:46
ಒಪ್ಪಿದೆ ಸರ್. ತೊಳೆಯುವುದು ಅನ್ನುವ ಮಾತು ಮುಖ್ಯ. ಪ್ಲಾಸ್ಮಾದಲ್ಲಿರುವ, ಅಂದರೆ ರಕ್ತದ ನೀರಿನ ಭಾಗದಲ್ಲಿರುವ ಪ್ರತಿಕಾಯ ಹೋಗಬೇಕು.

ಲೆಕ್ಕಾಚಾರ · ಬೆಳಿಗ್ಗೆ 8:10
ಅಪ್ಪನ ರಕ್ತ ಅಂದಾಗ ನೆನಪಾಯಿತು. ನವಜಾತ ಶಿಶುವಿಗೆ ರಕ್ತ ಕೊಟ್ಟ ಪ್ರಸಿದ್ಧ ಪ್ರಸಂಗದಲ್ಲಿ ದಾನಿ ಅಪ್ಪನೇ! 1908, ನ್ಯೂಯಾರ್ಕ್. ಕೆಲವೇ ದಿನದ ಮಗುವಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅಪ್ಪನೂ ಡಾಕ್ಟರೇ. ಅಲೆಕ್ಸಿ ಕ್ಯಾರೆಲ್ ಎಂಬ ಶಸ್ತ್ರವೈದ್ಯ ಅಪ್ಪನ ಮಣಿಕಟ್ಟಿನ ಅಪಧಮನಿಯನ್ನು ಮಗುವಿನ ಕಾಲಿನ ರಕ್ತನಾಳಕ್ಕೆ ನೇರ ಹೊಲಿದುಬಿಟ್ಟರು. ಆಗ ರಕ್ತ ಹೆಪ್ಪುಗಟ್ಟದಂತೆ ಚೀಲದಲ್ಲಿ ಇಡುವ ದಾರಿಯೇ ಇರಲಿಲ್ಲ. ಮಗು ಬದುಕಿತು. ರಕ್ತನಾಳ ಹೊಲಿಯುವ ವಿದ್ಯೆಗೆ 1912ರಲ್ಲಿ ಕ್ಯಾರೆಲ್‌ಗೆ ನೊಬೆಲ್ ಬಂತು.

ಅನುಮಾನರಾಯ · ಬೆಳಿಗ್ಗೆ 8:14
ಗುಂಪು ನೋಡಿದ್ದರಾ?

ಲೆಕ್ಕಾಚಾರ · ಬೆಳಿಗ್ಗೆ 8:15
ಇಲ್ಲ. ಗುಂಪು ಇರುವುದು 1901ರ ಹೊತ್ತಿಗೇ ಗೊತ್ತಾಗಿತ್ತು, ಆದರೆ ನೋಡಿ ಹಾಕುವ ರೂಢಿ ಇನ್ನೂ ಬಂದಿರಲಿಲ್ಲ. ಪುಣ್ಯಕ್ಕೆ ಹೊಂದಿಕೆಯಾಯಿತು.

ಹಳೇಸ್ಟೆತಸ್ಕೋಪ್ · ಬೆಳಿಗ್ಗೆ 8:30
ಆ ಮಗುವಿಗೆ ಆಗಿದ್ದ ಕಾಯಿಲೆಗೆ ಈಗ ರಕ್ತವೇ ಬೇಕಾಗುವುದಿಲ್ಲ. ಹುಟ್ಟಿದ ಕೂಡಲೇ ತೊಡೆಗೆ ಕೊಡುವ ವಿಟಮಿನ್ ಕೆ ಸೂಜಿ ಇದೆಯಲ್ಲ, 1 ಮಿಲಿಗ್ರಾಂ, ಅಷ್ಟೇ ಸಾಕು. ಅದನ್ನೂ "ಪುಟ್ಟ ಮಗುವಿಗೆ ಸೂಜಿ ಯಾಕೆ" ಅಂತ ಬೇಡ ಅನ್ನುವವರು ಇದ್ದಾರೆ.

ಓನೆಗೆಟಿವ್ · ಬೆಳಿಗ್ಗೆ 9:05
ನಾನು ಓ ನೆಗೆಟಿವ್. ಮಕ್ಕಳ ವಾರ್ಡಿಗೆ ಅಂತ ಆಗಾಗ ಕರೆ ಬರುತ್ತದೆ. 18 ಮಿಲಿ ಸಾಕು ಅಂದರೆ ನಾನು ಕೊಟ್ಟ ಉಳಿದದ್ದೆಲ್ಲ ಏನಾಗುತ್ತದೆ? ಚೆಲ್ಲುತ್ತಾರಾ?

ಕೆಂಪುಚೀಲ · ಬೆಳಿಗ್ಗೆ 9:20
ಚೆಲ್ಲುವುದಿಲ್ಲ ಸರ್. ಒಬ್ಬ ದಾನಿಯ ಕೆಂಪು ಕಣದ ಚೀಲವನ್ನು ನಾಲ್ಕಾರು ಪುಟ್ಟ ಚೀಲಗಳಾಗಿ ಹಂಚುತ್ತೇವೆ. ಗಾಳಿ ಸೋಕದಂತೆ, ಕೊಳವೆಯಿಂದ ಕೊಳವೆಗೆ. ಅವನ್ನು ಒಂದೇ ಮಗುವಿನ ಹೆಸರಿಗೆ ಎತ್ತಿಡಬಹುದು. ಆ ಮಗುವಿಗೆ ನಾಲ್ಕು ಸಲ ರಕ್ತ ಬೇಕಾದರೂ ದಾನಿ ಒಬ್ಬರೇ. ನಾಲ್ಕು ಬೇರೆ ಬೇರೆ ಜನರ ರಕ್ತ ಮೈಗೆ ಸೇರುವುದಿಲ್ಲ. ಸೋಂಕಿನ ಭಯವೂ ಅಷ್ಟು ಕಡಿಮೆ.

ಹಾಗೆಯೇ ಪುಟಾಣಿಗಳಿಗೆ ಸಿಎಂವಿ ಎಂಬ ವೈರಸ್ ದಾಟಬಾರದು. ಅದಕ್ಕೇ ಬಿಳಿ ಕಣ ಸೋಸಿದ ರಕ್ತ, ಇಲ್ಲವೇ ಆ ವೈರಸ್ ತಾಗಿರದ ದಾನಿಯ ರಕ್ತ ಕೇಳುತ್ತಾರೆ.

ಅವಳಿಗಳಮ್ಮ · ಬೆಳಿಗ್ಗೆ 9:41
ಯಾರಾದರೂ ಇದನ್ನು ನೆನಪಿಟ್ಟುಕೊಳ್ಳಿ: ರಕ್ತ ಹಾಕುವ ಮೊದಲು ಹುಟ್ಟಿನಿಂದಲೇ ಬರುವ ಕಾಯಿಲೆಗಳನ್ನು ಹುಡುಕಲು ಹಿಮ್ಮಡಿ ಚುಚ್ಚಿ ಕಾಗದದ ಮೇಲೆ ತೆಗೆಯುವ ಸ್ಕ್ರೀನಿಂಗ್ ಪರೀಕ್ಷೆ ಆಗಿದೆಯಾ ಅಂತ ಕೇಳಿ. ನಮ್ಮ ದೊಡ್ಡವಳಿಗೆ ಗಡಿಬಿಡಿಯಲ್ಲಿ ಮರೆತರು. ರಕ್ತ ಹಾಕಿದ ಮೇಲೆ ತೆಗೆದರೆ ಕೆಲವು ಪರೀಕ್ಷೆಗಳಲ್ಲಿ ದಾನಿಯ ಕಣವೇ ಉತ್ತರ ಕೊಡುತ್ತದೆ. ಮೂರು ನಾಲ್ಕು ತಿಂಗಳು ಕಾದು ಮತ್ತೆ ಮಾಡಿಸಬೇಕಾಯಿತು. ಅಷ್ಟು ದಿನ ತಲೆಯಲ್ಲಿ ಹುಳ.

ಮೊದಲನೇ ಸಲ ನಮ್ಮನ್ನು ಕೇಳದೆಯೇ ಹಾಕಿದ್ದರು ಅನ್ನುವುದು ಇನ್ನೊಂದು ಸಿಟ್ಟು. ತುರ್ತು ಇರಲಿಲ್ಲ. ನಾನು ಹೊರಗೆ ಬೆಂಚಿನ ಮೇಲೇ ಕೂತಿದ್ದೆ.

ರಾತ್ರಿಪಾಳಿ · ಬೆಳಿಗ್ಗೆ 9:58
ಅದು ತಪ್ಪೇ ಅಕ್ಕ. ಜೀವಕ್ಕೆ ಅಪಾಯ ಅಲ್ಲದಿದ್ದರೆ ಕೇಳಿ, ಸಹಿ ತೆಗೆದುಕೊಂಡೇ ಹಾಕಬೇಕು.

ನಾಲ್ಕು ಗಂಟೆ ಯಾಕೆ ಅಂತ ಪುಟ್ಟಿಯಪ್ಪ ಕೇಳಿದ್ದರು. ಬೇಗ ತಳ್ಳಿದರೆ ಪುಟ್ಟ ಹೃದಯಕ್ಕೆ ಹೊರೆಯಾಗುತ್ತದೆ. ಸಿರಿಂಜ್ ಪಂಪಿಗೆ ಹಾಕಿ ಗಂಟೆಗೆ ನಾಲ್ಕೂವರೆ ಮಿಲಿಯಂತೆ ಬಿಡುತ್ತೇವೆ. ನಾಲ್ಕು ಗಂಟೆ ಮೀರಿಸುವ ಹಾಗೂ ಇಲ್ಲ, ಹೊರಗಿನ ಬಿಸಿಗೆ ರಕ್ತದಲ್ಲಿ ಸೋಂಕು ಬೆಳೆಯಬಹುದು. ಆ ನಾಲ್ಕು ಗಂಟೆ ನಮಗೂ ಉಸಿರು ಬಿಡಲು ಪುರುಸೊತ್ತಿಲ್ಲ. ಶುರುವಿನ ಕಾಲು ಗಂಟೆ ಕದಲುವ ಹಾಗೇ ಇಲ್ಲ. ಉಷ್ಣತೆ, ಹೃದಯ ಬಡಿತ, ಉಸಿರು, ಬಿಪಿ. ಗ್ಲುಕೋಸ್ ಹೋಗುವ ಲೈನಿನಲ್ಲೇ ರಕ್ತ ಬಿಡುವಂತಿಲ್ಲ, ಕಣ ಒಡೆಯುತ್ತದೆ. ಬೇರೆ ಲೈನ್ ಸಿಗದೆ ಗ್ಲುಕೋಸ್ ನಿಲ್ಲಿಸಿದರೆ ಮಗುವಿನ ಸಕ್ಕರೆ ಇಳಿಯುತ್ತದೆ, ಅದನ್ನೂ ನೋಡಬೇಕು.

ಸೋದರತ್ತೆ · ಬೆಳಿಗ್ಗೆ 10:10
ರಕ್ತ ಹೋಗುವಾಗ ಹಾಲು ಕೊಡುತ್ತಾರಾ?

ರಾತ್ರಿಪಾಳಿ · ಬೆಳಿಗ್ಗೆ 10:13
ಕೆಲವು ಕಡೆ ನಿಲ್ಲಿಸುತ್ತಾರೆ, ಕೆಲವು ಕಡೆ ಇಲ್ಲ. ಕರುಳಿಗೆ ಉರಿಯೂತ ಬಂದು ಕೊಳೆಯುವ ಕಾಯಿಲೆಯ ಭಯ. ಇದರ ಬಗ್ಗೆ ನಮ್ಮ ಡಾಕ್ಟರುಗಳಲ್ಲೇ ಜಗಳ ಇದೆ, ನಾನು ನಡುವೆ ಬರುವುದಿಲ್ಲ.

ಅಣ್ಣಯ್ಯ · ಬೆಳಿಗ್ಗೆ 10:40
ನಾನೇ ಪುಟ್ಟಿಯಪ್ಪನ ಅಣ್ಣ. ತಮ್ಮ ಲಿಂಕ್ ಕಳಿಸಿದ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 7.8 ಕಡಿಮೆ ಅಂತ ಅವರೇ ಒಪ್ಪುತ್ತಾರೆ. ಮತ್ತೆ 13, 14ಕ್ಕೆ ಏರಿಸಿ ಅಲ್ಲೇ ಇಟ್ಟರೆ ಮಿದುಳಿಗೆ ಆಮ್ಲಜನಕ ಚೆನ್ನಾಗಿ ಸಿಗುವುದಿಲ್ವಾ? ಜಿಪುಣತನ ಯಾಕೆ?

ಹಳೇಸ್ಟೆತಸ್ಕೋಪ್ · ಬೆಳಿಗ್ಗೆ 11:25
ಅಣ್ಣಯ್ಯ, ನಿಮ್ಮ ಹಾಗೆಯೇ ನಾವೂ ಅಂದುಕೊಂಡಿದ್ದೆವು. ನಾನು ಕಲಿಯುವ ಕಾಲದಲ್ಲಿ ಮಗು ಸ್ವಲ್ಪ ಬಿಳುಪಾಗಿ ಕಂಡರೆ ಸಾಕು, ರಕ್ತ ತರಿಸುತ್ತಿದ್ದೆವು. ಬೆಳಿಗ್ಗೆ ತೆಗೆದದ್ದನ್ನು ಸಂಜೆ ಮಿಲಿ ಲೆಕ್ಕದಲ್ಲಿ ವಾಪಸ್ ಹಾಕುವುದೂ ಇತ್ತು. ಒಳ್ಳೆಯದೇ ಮಾಡುತ್ತಿದ್ದೇವೆ ಅಂತ ಪೂರ್ತಿ ನಂಬಿಕೆ.

ಆಮೇಲೆ ಇದನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದರು. 2020ರಲ್ಲಿ ಎರಡು ದೊಡ್ಡ ಅಧ್ಯಯನ ಹೊರಬಂದವು. ಅಮೆರಿಕದ ಟಾಪ್‌ನಲ್ಲಿ 1,824 ಮಕ್ಕಳು, ಯುರೋಪಿನ ಎಟ್ನೋದಲ್ಲಿ 1,013. ಅರ್ಧ ಮಕ್ಕಳಿಗೆ ಎಚ್‌ಬಿ ಸ್ವಲ್ಪ ಇಳಿದರೂ ರಕ್ತ, ಉಳಿದವರಿಗೆ ಇನ್ನಷ್ಟು ಇಳಿಯುವವರೆಗೆ ಕಾಯುವುದು. ಎರಡು ವರ್ಷದ ಹೊತ್ತಿಗೆ ಮಕ್ಕಳ ಬುದ್ಧಿ, ನಡಿಗೆ, ಕಣ್ಣು, ಕಿವಿ ಎಲ್ಲ ನೋಡಿದರು. ಟಾಪ್‌ನಲ್ಲಿ ಸಾವು ಅಥವಾ ಬೆಳವಣಿಗೆಯ ದೊಡ್ಡ ತೊಂದರೆ ಜಾಸ್ತಿ ರಕ್ತದವರಲ್ಲಿ 50.1 ಶೇಕಡ, ಕಾದವರಲ್ಲಿ 49.8. ಎಟ್ನೋದಲ್ಲಿ 44.4 ಮತ್ತು 42.9. ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು. ಮಿದುಳಿಗೆ ಲಾಭ ಆಗುತ್ತದೆ ಅನ್ನುವ ನಮ್ಮ ನಂಬಿಕೆ ಅಲ್ಲಿಗೆ ಮುಗಿಯಿತು.

ರಕ್ತ ಹಾಕಿದಷ್ಟೂ ಮಗುವಿನ ಮೂಳೆಮಜ್ಜೆ "ಹೊರಗಿಂದ ಬರುತ್ತಿದೆಯಲ್ಲ" ಅಂತ ಕೈಕಟ್ಟಿ ಕೂರುತ್ತದೆ. 14ಕ್ಕೆ ಏರಿಸಿದರೆ ಇಳಿಯುವುದೂ ತಪ್ಪುವುದಿಲ್ಲ, ತಡವಾಗುತ್ತದೆ ಅಷ್ಟೇ.

ಅಣ್ಣಯ್ಯ · ಬೆಳಿಗ್ಗೆ 11:31
ಹಾಗಾದರೆ 7.8ಕ್ಕೂ ಬೇಡ ಅನ್ನಬಹುದಲ್ಲ? ವ್ಯತ್ಯಾಸ ಇಲ್ಲ ಅಂದ ಮೇಲೆ.

ಹಳೇಸ್ಟೆತಸ್ಕೋಪ್ · ಬೆಳಿಗ್ಗೆ 11:38
ಇಲ್ಲೇ ಎಲ್ಲರೂ ಎಡವುವುದು. ಕಾಯುವ ಗುಂಪಿಗೂ ಒಂದು ತಳ ಇತ್ತು. ಟಾಪ್‌ನಲ್ಲಿ ಮೂರನೇ ವಾರದಿಂದ, ಉಸಿರಾಟಕ್ಕೆ ಯಂತ್ರದ ಆಸರೆ ಇರುವ ಮಗುವಿಗೆ 8.5, ಆಸರೆ ಇಲ್ಲದ ಮಗುವಿಗೆ 7. ಅದಕ್ಕಿಂತ ಕೆಳಗೆ ಬಿಟ್ಟರೆ ಏನಾಗುತ್ತದೆ ಅಂತ ಆ ಅಧ್ಯಯನ ನೋಡಲಿಲ್ಲ. ಪುಟ್ಟಿಗೆ ಸಿಪ್ಯಾಪ್ ಇದೆ, ಎಚ್‌ಬಿ 7.8. ಅಂದರೆ ಆ ಆಸ್ಪತ್ರೆಯವರು ಕಾದೇ ನಿರ್ಧಾರ ಮಾಡಿದ್ದಾರೆ.

ಲೆಕ್ಕಾಚಾರ · ಬೆಳಿಗ್ಗೆ 11:44
ಒಂದು ತಿದ್ದುಪಡಿ. ಆ ಎರಡೂ ಅಧ್ಯಯನ ಒಂದು ಕಿಲೋ ಒಳಗಿನ ಮಕ್ಕಳದ್ದು. ಪುಟ್ಟಿ ಹುಟ್ಟಿದಾಗ 1,050.

ಹಳೇಸ್ಟೆತಸ್ಕೋಪ್ · ಬೆಳಿಗ್ಗೆ 11:47
50 ಗ್ರಾಂಗೆ ನನ್ನನ್ನು ಹಿಡಿದಿರಿ. ಸರಿ. ಅಂಕಿಯನ್ನು ಪಟ್ಟಿಯಂತೆ ಅಲ್ಲ, ಅಂದಾಜಿನಂತೆ ಹಿಡಿಯಿರಿ. ಮಗುವಿನ ಬಡಿತ ಜಾಸ್ತಿಯಾಗಿದೆಯಾ, ಉಸಿರು ನಿಂತು ನಿಂತು ಹೋಗುತ್ತಿದೆಯಾ, ತೂಕ ನಿಂತಿದೆಯಾ, ಅದನ್ನೂ ನೋಡುತ್ತಾರೆ.

ತುಂಟನತಾಯಿ · ಮಧ್ಯಾಹ್ನ 12:15
ಜಾಸ್ತಿ ಹಾಕಿ ಅಂತ ನಾವೂ ಜಗಳ ಆಡಿದ್ದೆವು, ಆದರೆ ಪ್ಲೇಟ್‌ಲೆಟ್‌ಗೆ. ಮಗನಿಗೆ 38,000 ಇತ್ತು. ದೊಡ್ಡವರಿಗೆ ಡೆಂಗಿಯಲ್ಲಿ ಅಷ್ಟಾದರೆ ಮನೆಯೆಲ್ಲ ಅಳುತ್ತದೆ. ಡಾಕ್ಟರು "25,000ಕ್ಕಿಂತ ಕೆಳಗೆ ಹೋದರೆ, ಇಲ್ಲವೇ ರಕ್ತ ಸೋರಿದರೆ ಹಾಕುತ್ತೇನೆ" ಅಂದರು. ನನ್ನ ಗಂಡ ಕೂಗಾಡಿದರು. ಹಾಕಲಿಲ್ಲ. ನಾಲ್ಕು ದಿನಕ್ಕೆ ತಾನಾಗಿ ಏರಿತು.

ಹಳೇಸ್ಟೆತಸ್ಕೋಪ್ · ಮಧ್ಯಾಹ್ನ 12:40
ನಿಮ್ಮ ಡಾಕ್ಟರಿಗೆ ನನ್ನ ನಮಸ್ಕಾರ ಹೇಳಿ. ಪ್ಲಾನೆಟ್-2 ಅಂತ 2019ರ ಅಧ್ಯಯನ, 34 ವಾರದೊಳಗೆ ಹುಟ್ಟಿದ 660 ಮಕ್ಕಳು. 50,000ಕ್ಕಿಂತ ಇಳಿದ ಕೂಡಲೇ ಹಾಕಿದ ಗುಂಪಿನಲ್ಲಿ ಸಾವು ಅಥವಾ ದೊಡ್ಡ ರಕ್ತಸ್ರಾವ 26 ಶೇಕಡ. 25,000ದವರೆಗೆ ಕಾದ ಗುಂಪಿನಲ್ಲಿ 19. ರಕ್ತಸ್ರಾವ ತಪ್ಪಿಸಲು ಕೊಡುವುದೇ ಜಾಸ್ತಿಯಾದಾಗ ಕೆಡುಕು ಮಾಡಿತು. ಓದಿದ ದಿನ ನನಗೆ ಊಟ ಸೇರಲಿಲ್ಲ. ಎಷ್ಟು ಮಕ್ಕಳಿಗೆ ಹಾಕಿಸಿದ್ದೆ ನಾನು.

ಅನುಮಾನರಾಯ · ಮಧ್ಯಾಹ್ನ 12:44
ಈ ಮಾತು ಒಬ್ಬ ಡಾಕ್ಟರ ಬಾಯಲ್ಲಿ ಮೊದಲ ಸಲ ಕೇಳಿದ್ದು. ಇವತ್ತಿಗೆ ನಾನು ಸುಮ್ಮನಿರುತ್ತೇನೆ.

ತುಂಟನತಾಯಿ · ಮಧ್ಯಾಹ್ನ 12:50
ಸ್ಕ್ರೀನ್‌ಶಾಟ್ ತೆಗೆದಿಟ್ಟೆ, ಗಂಡನಿಗೆ ತೋರಿಸಲು 😄

ರಾತ್ರಿಪಾಳಿ · ಮಧ್ಯಾಹ್ನ 3:10
ಎದ್ದೆ ಈಗ. ರಕ್ತ ಹಾಕುವುದನ್ನೇ ತಪ್ಪಿಸುವ ದಾರಿಗಳ ಬಗ್ಗೆ ಯಾರೂ ಬರೆದಿಲ್ಲವಲ್ಲ. ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದು ನಿಮಿಷವಾದರೂ ಕಾದರೆ ಮಾಸಿನಲ್ಲಿರುವ ಮಗುವಿನದ್ದೇ ರಕ್ತ ಮಗುವಿಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯೂ ಒಂದು ನಿಮಿಷಕ್ಕೆ ಮುಂಚೆ ಬೇಡ ಅನ್ನುತ್ತದೆ. ಮಗು ಉಸಿರೇ ಎಳೆಯದಿದ್ದರೆ ಲೆಕ್ಕ ಬೇರೆ. ಮೊದಲ ದಿನದ ಪರೀಕ್ಷೆಗಳಿಗೆ ಕತ್ತರಿಸಿದ ಬಳ್ಳಿಯಲ್ಲಿ ಉಳಿದ ರಕ್ತವನ್ನೇ ಬಳಸಬಹುದು, ಮಗುವನ್ನು ಮುಟ್ಟಬೇಕಾಗಿಲ್ಲ. ಕ್ರಾಸ್ ಮ್ಯಾಚಿಗೆ (ದಾನಿಯ ರಕ್ತ ಹೊಂದುತ್ತದೆಯಾ ಅಂತ ನೋಡುವ ಪರೀಕ್ಷೆ) ತಾಯಿಯ ಸ್ಯಾಂಪಲ್ಲೇ ಸಾಕಾಗುತ್ತದೆ, ಏಕೆಂದರೆ ಮೊದಲ ನಾಲ್ಕು ತಿಂಗಳು ಮಗುವಿನಲ್ಲಿರುವ ಪ್ರತಿಕಾಯ ಹೆಚ್ಚು ಕಡಿಮೆ ತಾಯಿಯದ್ದೇ. ನಮ್ಮಲ್ಲಿ ತೆಗೆದ ಪ್ರತಿ ಹನಿಯನ್ನೂ ಚಾರ್ಟಿನಲ್ಲಿ ಬರೆಯುತ್ತೇವೆ. ಬರೆಯಲು ಶುರು ಮಾಡಿದ ಮೇಲೆ ಡಾಕ್ಟರುಗಳು ಪರೀಕ್ಷೆ ಬರೆಯುವುದು ತಾನಾಗಿ ಕಡಿಮೆ ಮಾಡಿದರು!

ತುಂಟನತಾಯಿ · ಮಧ್ಯಾಹ್ನ 3:18
ನಮ್ಮಲ್ಲಿ ಬಳ್ಳಿಯನ್ನು ಹಿಂಡಿ ಒಳಗೆ ತಳ್ಳಿದರು. ಬೇಗ ಆಗುತ್ತದೆ ಅಂತ.

ರಾತ್ರಿಪಾಳಿ · ಮಧ್ಯಾಹ್ನ 3:22
28 ವಾರಕ್ಕಿಂತ ಚಿಕ್ಕ ಮಕ್ಕಳಿಗೆ ಅದು ಬೇಡ. 2019ರಲ್ಲಿ ಬಂದ ಅಧ್ಯಯನದಲ್ಲಿ ಆ ವಯಸ್ಸಿನವರಿಗೆ ಹಿಂಡಿದಾಗ ಮಿದುಳಲ್ಲಿ ತೀವ್ರ ರಕ್ತಸ್ರಾವ ಜಾಸ್ತಿ ಕಂಡು ನಡುವೆಯೇ ನಿಲ್ಲಿಸಿದರು.

ಓನೆಗೆಟಿವ್ · ಸಂಜೆ 4:30
ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಗೊತ್ತಾ? 1,173 ಸಲ ಕೊಟ್ಟ ಮನುಷ್ಯ. ಅವರ ಪ್ಲಾಸ್ಮಾದಿಂದ ಆಂಟಿ-ಡಿ ಸೂಜಿಮದ್ದು (ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಕೊಡುವುದು) ಮಾಡುತ್ತಿದ್ದರು. 2018ರಲ್ಲಿ 81ನೇ ವಯಸ್ಸಿಗೆ ನಿಲ್ಲಿಸಿದರು, 2025ರಲ್ಲಿ ತೀರಿಕೊಂಡರು. ನಾನು 31 ಸಲಕ್ಕೇ ಮೀಸೆ ತಿರುವುತ್ತಿದ್ದೆ.

ಹಳೇಸ್ಟೆತಸ್ಕೋಪ್ · ಸಂಜೆ 4:52
ಆಚೆ ಏನೂ ಹೋಗಿಲ್ಲ. ಆ ಸೂಜಿಮದ್ದು ಬರುವ ಮೊದಲು ತಾಯಿ ನೆಗೆಟಿವ್, ಮಗು ಪಾಸಿಟಿವ್ ಆದರೆ ತಾಯಿಯ ಪ್ರತಿಕಾಯ ಕೆಂಪು ಕಣ ಒಡೆದು, ಎರಡನೇ ಮೂರನೇ ಮಗುವಿಗೆ ಹುಟ್ಟಿದ ಮೇಲೆ ಬೇಗನೆ ಕಾಮಾಲೆ ಏರುವುದಿತ್ತು. ಆಗ ರಕ್ತ ಬದಲಾವಣೆ ಮಾಡಬೇಕಿತ್ತು. ಹೊಕ್ಕುಳಿನ ನಾಳದಿಂದ ಸ್ವಲ್ಪ ಸ್ವಲ್ಪ ತೆಗೆದು, ಅಷ್ಟೇ ಹಾಕಿ, ಮೈಯ ರಕ್ತದ ಎರಡರಷ್ಟು ಹಾಯಿಸುವುದು. ಅಷ್ಟಾದರೂ ಬದಲಾಗುವುದು 85 ಶೇಕಡದಷ್ಟು ಕಣ. ಗಂಟೆಗಟ್ಟಲೆ ಬಗ್ಗಿ ನಿಂತು ಮಾಡಿದ್ದೇನೆ, ಬೆನ್ನು ಈಗಲೂ ಹೇಳುತ್ತದೆ. ಈಗಿನ ಹುಡುಗರಲ್ಲಿ ಎಷ್ಟೋ ಮಂದಿ ಒಂದನ್ನೂ ನೋಡಿಲ್ಲ.

1963ರಲ್ಲಿ ನ್ಯೂಜಿಲೆಂಡಿನ ಲೈಲಿ ಇನ್ನೂ ಹೊಟ್ಟೆಯಲ್ಲಿರುವ ಮಗುವಿಗೇ ರಕ್ತ ಕೊಟ್ಟು ಗೆದ್ದರು. ಸ್ಕ್ಯಾನಿಂಗ್ ಇಲ್ಲದ ಕಾಲ!

ನಿರ್ವಾಹಕ · ಸಂಜೆ 5:15
ಎಳೆ ಚೆನ್ನಾಗಿದೆ. ಆದರೆ ಒಬ್ಬರು ತಮ್ಮ ಮಗುವಿನ ರಿಪೋರ್ಟ್ ಫೋಟೋ ಹೆಸರು ಸಮೇತ ಹಾಕಿದ್ದರು, ತೆಗೆದಿದ್ದೇನೆ. ಇಲ್ಲಿನ ಅಂಕಿ ಹಿಡಿದು ವಾರ್ಡಿನಲ್ಲಿ ಜಗಳಕ್ಕೆ ಹೋಗಬೇಡಿ, ಪ್ರಶ್ನೆ ಕೇಳಲು ಹೋಗಿ.

ಪುಟ್ಟಿಯಪ್ಪ · ರಾತ್ರಿ 9:20
ಈಗ ಬಂದೆ. ಎಲ್ಲ ಓದಿದೆ. ರಕ್ತ ಹಾಕಿ ಮುಗಿಯಿತು, ಏನೂ ತೊಂದರೆ ಆಗಲಿಲ್ಲ. ಬೆಳಿಗ್ಗೆ ಹೃದಯ ಬಡಿತ 178 ಇತ್ತು, ಸಂಜೆಗೆ 156. ಕಿವಿಯ ಅಂಚು ಗುಲಾಬಿ ಆಗಿದೆ, ಮೊದಲು ಕಾಗದದ ಹಾಗಿತ್ತು.

ಸ್ಕ್ರೀನಿಂಗ್ ಬಗ್ಗೆ ಕೇಳಿದೆ, ಮೊದಲ ಸಲಕ್ಕೆ ಮುಂಚೆಯೇ ಆಗಿದೆಯಂತೆ. ಅವಳಿಗಳಮ್ಮ, ಥ್ಯಾಂಕ್ಸ್. ಬಳ್ಳಿ ಮಾತ್ರ ತಕ್ಷಣ ಕತ್ತರಿಸಿದ್ದರು ಅಂತ ಹೆಂಡತಿಗೆ ನೆನಪು. ಅದಕ್ಕೆ ಈಗ ಏನು ಮಾಡುವುದು.

ಆದರೆ ಒಂದು ಗಾಬರಿ. ಚೀಲದ ಮೇಲಿನ ನಂಬರು ನೋಡಿದೆ, ನಾಲ್ಕನೇ ದಿನ ಹಾಕಿದ್ದರ ನಂಬರೂ ನಾನು ಬರೆದಿಟ್ಟುಕೊಂಡಿದ್ದೆ. ಕೊನೆಯ ಅಕ್ಷರ ಬಿಟ್ಟು ಎರಡೂ ಒಂದೇ. ತೆಗೆದ ದಿನಾಂಕ ನೋಡಿದರೆ 26 ದಿನ ಹಳೆಯದು! ಹಳಸಿದ ರಕ್ತ ಹಾಕಿದರಾ?

ಕೆಂಪುಚೀಲ · ರಾತ್ರಿ 9:31
ಗಾಬರಿ ಬೇಡ, ಇದು ಖುಷಿಪಡುವ ವಿಷಯ. ನಾನು ಬೆಳಿಗ್ಗೆ ಹೇಳಿದ್ದೇ ಅದು. ಪುಟ್ಟಿಯ ಹೆಸರಿಗೆ ಒಬ್ಬರ ಚೀಲ ಎತ್ತಿಟ್ಟಿದ್ದಾರೆ. ಎರಡು ಸಲಕ್ಕೂ ಒಬ್ಬರೇ ದಾನಿ. ಕೊನೆಯ ಅಕ್ಷರ ಪುಟ್ಟ ಚೀಲದ ಗುರುತು.

26 ದಿನ ಅವಧಿಯೊಳಗೇ ಇದೆ. ಯಾವ ದ್ರಾವಣದಲ್ಲಿ ಇಟ್ಟಿದ್ದಾರೆ ಅನ್ನುವುದರ ಮೇಲೆ 35 ಅಥವಾ 42 ದಿನ ಇಡಬಹುದು. ಹಳೆಯದಾದಂತೆ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ನಿಜ. ರಕ್ತ ಬದಲಾವಣೆಯಂಥ ದೊಡ್ಡ ಪ್ರಮಾಣಕ್ಕೆ ಅದು ಅಪಾಯ, ಅದಕ್ಕೆ ತಾಜಾ ರಕ್ತವೇ ಬೇಕು. ನಾಲ್ಕು ಗಂಟೆಯಲ್ಲಿ 18 ಮಿಲಿಗೆ ಲೆಕ್ಕಕ್ಕಿಲ್ಲ.

ಲೆಕ್ಕಾಚಾರ · ರಾತ್ರಿ 9:40
ಕೆನಡಾದಲ್ಲಿ 377 ಪುಟಾಣಿಗಳ ಮೇಲೆ ಇದನ್ನೇ ನೋಡಿದ್ದಾರೆ, 2012ರಲ್ಲಿ ಪ್ರಕಟವಾಯಿತು. ಏಳು ದಿನದೊಳಗಿನ ತಾಜಾ ರಕ್ತಕ್ಕೂ ಮಾಮೂಲಿಯಾಗಿ ಇಟ್ಟ ರಕ್ತಕ್ಕೂ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಪುಟ್ಟಿಯಪ್ಪ · ರಾತ್ರಿ 9:52
ಹಾಗಾ! ಸರಿ ಸರಿ. ಚೀಲದ ಮೇಲೆ ಅವಧಿ ಮುಗಿಯಲು ಇನ್ನು 9 ದಿನ ಅಂತ ಇದೆ. ಎರಡು ಪುಟ್ಟ ಚೀಲ ಉಳಿದಿವೆಯಂತೆ. ಅಷ್ಟರೊಳಗೆ ಬೇಕಾದರೆ ಅದೇ ದಾನಿ, ಆಮೇಲಾದರೆ ಬೇರೆಯವರು, ಅಲ್ವಾ?

ಕೆಂಪುಚೀಲ · ರಾತ್ರಿ 9:54
ಹೌದು. ಬೇಕಾಗದಿದ್ದರೆ ಇನ್ನೂ ಒಳ್ಳೆಯದು.

ಓನೆಗೆಟಿವ್ · ರಾತ್ರಿ 9:58
ಆ ದಾನಿಗೆ ಇದು ಯಾವತ್ತೂ ಗೊತ್ತಾಗುವುದಿಲ್ಲ ನೋಡಿ.

ಹಳೇಸ್ಟೆತಸ್ಕೋಪ್ · ರಾತ್ರಿ 10:06
ಮುಂದಿನ ವಾರ ರಕ್ತ ನೋಡುವಾಗ ರೆಟಿಕ್ಯುಲೋಸೈಟ್ ಎಷ್ಟಿದೆ ಅಂತ ಕೇಳಿ. ಅದು ಮಜ್ಜೆ ಹೊಸದಾಗಿ ಮಾಡುತ್ತಿರುವ ಎಳೆ ಕಣ. ಅದು ಏರುತ್ತಿದ್ದರೆ ಎಚ್‌ಬಿ ಸ್ವಲ್ಪ ಕಡಿಮೆ ಇದ್ದರೂ ಕಾಯಬಹುದು. ಕಬ್ಬಿಣದ ಹನಿ ಯಾವಾಗ ಶುರು ಅಂತಲೂ ಕೇಳಿ.

ಅನುಮಾನರಾಯ · ರಾತ್ರಿ 10:11
ಮತ್ತೆ ಒಂದು ಪರೀಕ್ಷೆ ಬರೆದುಕೊಟ್ಟರು ಡಾಕ್ಟ್ರು.

ಹಳೇಸ್ಟೆತಸ್ಕೋಪ್ · ರಾತ್ರಿ 10:12
ಅದೇ ಹನಿಯಲ್ಲಿ ಆಗುತ್ತದೆ ರಾಯರೇ, ಬೇರೆ ತೆಗೆಯಬೇಕಾಗಿಲ್ಲ! ಇವತ್ತಿಗೆ ಸುಮ್ಮನಿರುತ್ತೇನೆ ಅಂದಿದ್ದಿರಲ್ಲ?

ಪುಟ್ಟಿಯಪ್ಪ · ರಾತ್ರಿ 10:20
😄 ಬರೆದುಕೊಂಡೆ ಡಾಕ್ಟ್ರೇ. ರೆಟಿಕ್ಯುಲೋಸೈಟ್, ಕಬ್ಬಿಣದ ಹನಿ. ಮಲಗುತ್ತೇನೆ, ಬೆಳಿಗ್ಗೆ ಆರಕ್ಕೆ ಹಾಲು ತಲುಪಿಸಬೇಕು.